ಚಟ್ನಿ ಬಟ್ಟಲಿನ ಗೋಲು

ಬೆಂಚಿನ ಮೇಲಿನ ಗೋಳಿಬಜೆಗೆ ಯಶ್ಮಿತಾ ಕೈ ಹಾಕಿದ ಕೂಡಲೇ ಕಾಲೇಜು ಫುಟ್ಬಾಲ್ ತಂಡದ ಹುಡುಗರ ಮಾತು ನಿಂತಿತು. ಚಟ್ನಿಯ ಬಟ್ಟಲೇ ಗೋಲು, ಗೋಳಿಬಜೆಗಳೇ ಆಟಗಾರರು. ಕೋಚ್ ಶಾಹುಲ್ ದಾಳಿಯ ಪಾಠ ಹೇಳುತ್ತಿದ್ದುದು ಹೀಗೆ. ಏಮಾರಿದ ಎದುರಾಳಿ ಡಿಫೆಂಡರನ್ನು ಅವರೇ ತಿನ್ನುವುದು ವಾಡಿಕೆ. ಪಾಠ ಮುಗಿಯುವ ತನಕ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಾಳೆ ಶಾಹುಲ್ ವಿದೇಶದ ಕೆಲಸಕ್ಕೆಂದು ದಮ್ಮಾಮ್‌ಗೆ ಹೊರಡುವವರು. ಅವರ ಜಾಗಕ್ಕೆ ಕಾಲೇಜು ಯಶ್ಮಿತಾಳನ್ನು ನೇಮಿಸಿತ್ತು. ಹುಡುಗರು ಮಾತ್ರ ಇನ್ನೂ ಒಪ್ಪಿರಲಿಲ್ಲ.

ಫಾರ್ವರ್ಡ್ ಸುಜಿತ್ ಎಂದು ಇಟ್ಟಿದ್ದ ಗೋಳಿಬಜೆಯನ್ನು ಅವಳು ಎಡಕ್ಕೆ, ಬೆಂಚಿನ ಅಂಚಿನ ತನಕ ಸರಿಸಿದಳು.

“ಅಲ್ಲಿ ಎಂತ ಉಂಟು ಮಾರಾಯ್ತಿ? ಚೆಂಡೂ ಇಲ್ಲ, ಜನವೂ ಇಲ್ಲ,” ಎಂದರು ಶಾಹುಲ್.

“ಎಂತದೂ ಇಲ್ಲ ಸರ್. ಆದ್ರೆ ಸುಜಿತ್ ಹೋದ್ರೆ ಇವನೂ ಹಿಂದೆ ಹೋಗ್ತಾನೆ.” ಅವಳು ಎದುರಾಳಿ ಡಿಫೆಂಡರನ್ನೂ ಅಂಚಿಗೆ ತಂದಳು. ಚಟ್ನಿಯ ಎದುರು ದಾರಿ ತೆರೆಯಿತು.

“ಅಂದ್ರೆ ನಾನು ಸುಮ್ಮನೆ ಓಡುವುದಾ ಮೇಡಂ?” ಸುಜಿತ್ ಮುಖ ಸಣ್ಣದು ಮಾಡಿದ.

“ಹೌದು. ನೀನು ಓಡು, ಖಾಲಿಯಾದ ಜಾಗಕ್ಕೆ ಬಂದು ಗೋಲು ಶ್ರವಣ್ ಹೊಡೀತಾನೆ.”

ಶಾಹುಲ್ ಡಿಫೆಂಡರನ್ನು ಎತ್ತಿ ಚಟ್ನಿಯಲ್ಲಿ ಅದ್ದಿದರು. ಬಾಯಿಯತ್ತ ಹೊರಟ ಕೈ ಅರ್ಧದಲ್ಲೇ ನಿಂತು, ಯಶ್ಮಿತಾಳ ಕಡೆಗೆ ತಿರುಗಿತು.

“ತಿನ್ನಿ ಕೋಚ್,” ಎಂದರು. “ತಣ್ಣಗಾಗ್ತದೆ.”