ಕಾಣದ ತಿರುವು

ಇದು ನಿಜವಾಗಿ ನಡೆದ ಕತೆ. ನಡೆಯಲಾಗದೆ ಕೂತವಳು ನಮ್ಮತ್ತೆ. ಶಾಲೆ ಹತ್ತಿರದ ತಿರುವನ್ನು ಕೌನ್ಸಿಲರ್ ಹುಟ್ಟುಹಬ್ಬದ ಫ್ಲೆಕ್ಸ್ ಮುಚ್ಚಿತ್ತು. ಅದರ ಮರೆಯಿಂದ ನುಗ್ಗಿದ ಟೆಂಪೊ ಅತ್ತೆಯ ಕಾಲು ಮುರಿಯಿತು.

"ತೆಗೆಸ್ರೀ! ನಾಳೆ ಮಕ್ಕಳು ಸಾಯ್ತಾವೆ!" ಎಂದು ಪುರಸಭೆಯಲ್ಲಿ ಕೂಗಾಡಿದೆ.

"ಅಕ್ರಮ ಅಂತ ನಮ್ಗೂ ಗೊತ್ತಪ್ಪ. ಸಾಹೇಬ್ರ ಬಾಯಿಂದ ಒಂದು ಮಾತು ಬರ್ಬೇಕಲ್ಲ," ಎಂದರು ಅಧಿಕಾರಿ.

ಬಾಯಿ ಯಾರದಾದರೇನು? ಹೊರಗೆ ಬಂದು ಆ ಅಧಿಕಾರಿಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಕೌನ್ಸಿಲರ್ ದನಿಯಲ್ಲೇ ಗುಡುಗಿದೆ: "ಏನ್ರೀ, ಮೊದ್ಲು ನನ್ ಫ್ಲೆಕ್ಸೇ ಕಿತ್ತು ಬಿಸಾಕ್ರೀ!"

ಸಂಜೆಗೆ ತಿರುವು ಬಯಲಾಯಿತು. ಬೆಳಿಗ್ಗೆ ಪತ್ರಿಕೆಗಳು ಕೌನ್ಸಿಲರನ್ನು ಹೊಗಳಿದವು. ಮಧ್ಯಾಹ್ನ ಆತನೇ ನಮ್ಮ ಮನೆಗೆ ಬಂದ.

"ಊರಲ್ಲಿ ಮಿಮಿಕ್ರಿ ಮಾಡೋನು ನೀನೊಬ್ನೇ. ಫೋನ್ ಮಾಡಿದ್ದು ನೀನೇ ತಾನೇ?"

"ಹೌದು. ಏನೀಗ?" ಹಲ್ಲು ಕಡಿದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆಗೆ ಸೇಬು ಕೊಟ್ಟು, ಪಕ್ಕದಲ್ಲಿ ಕುಳಿತು ಫೋಟೊ ತೆಗೆಸಿಕೊಂಡು ಹೋದ.

ಮರುದಿನ ಅದೇ ತಿರುವಿನಲ್ಲಿ ಹೊಸ ಫ್ಲೆಕ್ಸ್ ಎದ್ದಿತ್ತು. ಅದೇ ನಗು, ಎರಡರಷ್ಟು ಅಗಲ. 'ತನ್ನ ಫ್ಲೆಕ್ಸನ್ನೇ ಕೀಳಿಸಿದ ಧೀಮಂತನಿಗೆ ಅಭಿನಂದನೆಗಳು.' ಕೆಳಗೆ ಶುಭ ಕೋರುವವರ ಜಾಗದಲ್ಲಿ, ಪ್ಲಾಸ್ಟರ್ ಕಾಲಿನ ನಮ್ಮತ್ತೆ.