ಹಾಡಿನಲ್ಲಿ ಸತ್ತ ಅಪ್ಪ

ಬ್ಲೂಸ್ ಹಾಡಬೇಕಾದರೆ ಎದೆಯಲ್ಲೊಂದು ನೋವು ಇರಬೇಕಂತೆ. ಈಗಷ್ಟೇ ಕಾಲೇಜು ಮುಗಿಸಿ ಬ್ಯಾಂಡು ಕಟ್ಟಿದ ಶಾಲ್ಮಲಿಗೆ ಹೇಳಿಕೊಳ್ಳುವಂಥ ನೋವೇನೂ ಇರಲಿಲ್ಲ. ಅದಕ್ಕೇ ಹಾಡಿನಲ್ಲಿ ಅಪ್ಪನನ್ನು ಸಾಯಿಸಿದ್ದಳು. ಆ ಬೇಸಿಗೆಯ ಸಂಗೀತೋತ್ಸವಗಳಲ್ಲೆಲ್ಲ ಜನ ಆ ಹಾಡನ್ನೇ ಕೇಳಿ ಹಾಡಿಸುತ್ತಿದ್ದರು.

ಇವತ್ತು ಹೇಳದೆ ಕೇಳದೆ ಅಪ್ಪನೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

"ಆ ಹಾಡು ಬಿಟ್ಟುಬಿಡೋಣ ಕಣೋ," ಎಂದಳು.

"ಜನ ಬಂದಿರೋದೇ ಅದಕ್ಕೆ," ಎಂದ ಡೆನ್ಜಿಲ್, ಡ್ರಮ್ಮಿನ ಹಿಂದೆ ಕೂರುತ್ತಾ. "ಕಣ್ಣು ಮುಚ್ಕೊಂಡು ಹಾಡು."

ಹಾಗೇ ಹಾಡಿದಳು. ಯಾರಿಗೂ ಹೇಳದೆ ಕಾಯಿಲೆ ನುಂಗಿಕೊಂಡ ಅಪ್ಪ, ಉದುರಿದ ಕೂದಲು, ಕೊನೆಗೆ ಖಾಲಿ ಕುರ್ಚಿ. ಚಪ್ಪಾಳೆಗೆ ಕಣ್ಣು ಬಿಟ್ಟರೆ ಮುಂದಿನ ಸಾಲಿನಲ್ಲಿ ಅಪ್ಪನ ಕುರ್ಚಿ ನಿಜಕ್ಕೂ ಖಾಲಿಯಾಗಿತ್ತು.

ವೇದಿಕೆಯ ಹಿಂದೆ ಅವರು ಕಾಯುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು.

"ಅಪ್ಪಾ, ಬೈಬೇಡಿ. ಅದು ಬರೀ ಹಾಡು. ಸುಮ್ಮನೆ ಕಟ್ಟಿದ್ದು."

ಅಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ನನ್ನ ಹತ್ರ ಮುಚ್ಚಿಡಬೇಡ. ಡಾಕ್ಟರು ನಿಂಗೂ ಹೇಳಿಬಿಟ್ರಾ? ನಿಮ್ಮಮ್ಮಂಗೆ ನಾನಿನ್ನೂ ಹೇಳಿಲ್ಲ."