ಬಾಡಿಗೆ ಕಾರಿಗೂ ಪೂಜೆ

ಲಾಕ್‌ಡೌನಿನ ಈ ದಿನಗಳಲ್ಲಿ ಸ್ಯಾನಿಟೈಸರಿನ ನಿಂಬೆಯ ವಾಸನೆ ಬಂದಾಗಲೆಲ್ಲ ಬಾಲ್ಯದಲ್ಲಿ ನಾವಿದ್ದ ಪರದೇಶದ ಊರು ಪೆಟಾಲಿಂಗ್ ಜಯಾದ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನು ಅದುವರೆಗೆ ಸಮುದ್ರವನ್ನೇ ಕಂಡಿರಲಿಲ್ಲ. ಪೋರ್ಟ್ ಡಿಕ್ಸನ್ನಿನ ಕಡಲತೀರಕ್ಕೆ ಹೋಗಲೆಂದು ಅಪ್ಪ ಗೊತ್ತುಮಾಡಿದ್ದ ಬಾಡಿಗೆ ಕಾರನ್ನು ಮಾತುಮಾತಿಗೂ 'ಲಾ' ಸೇರಿಸುವ ಅದರ ಚೀನೀ ಮಾಲೀಕನೇ ಮನೆಗೆ ತಂದಿದ್ದ. ಒಂದು ಬಾಗಿಲಿಗೆ ಮಾತ್ರ ಹೊಸ ಬಣ್ಣವೇಕೆಂದು ಅಪ್ಪ ಅದನ್ನು ತಟ್ಟಿ ತಟ್ಟಿ ನೋಡಿದರು. ಅಜ್ಜಿ ರೂಢಿಯಂತೆ ಬಾನೆಟ್ಟಿಗೆ ಕುಂಕುಮವಿಟ್ಟು, ಚಕ್ರಗಳಡಿ ನಿಂಬೆಹಣ್ಣುಗಳನ್ನು ಇರಿಸಿದರು.

ಇದೇಕೆಂದು ಮಾಲೀಕ ಕೇಳಿದಾಗ ಅಪ್ಪ, "ಕೆಟ್ಟದ್ದೇನಾದರೂ ಅಂಟಿದ್ದರೆ ಬಿಟ್ಟುಹೋಗಲಿ ಅಂತ" ಎಂದರು.

ಆತನ ಮುಖ ಬಿಳಿಚಿತು. "ಇದರಲ್ಲಿ ಸತ್ತವನ ವಿಷಯ ನಿಮಗೆ ಯಾರು ಹೇಳಿದರು ಲಾ?"

ಅಪ್ಪ ಕೀಲಿಯನ್ನು ಹಿಂದಿರುಗಿಸಲು ಕೈ ಚಾಚಿದರು. ಅಜ್ಜಿ ಆಗಲೇ ಮುಂದಿನ ಸೀಟಿನಲ್ಲಿ ಕುಳಿತಿದ್ದರು. "ಪೂಜೆ ಆಯ್ತಲ್ಲೋ, ಇನ್ಯಾತರ ಭಯ? ಮಗುವಿಗೆ ಸಮುದ್ರ ತೋರಿಸು, ನಡಿ."

ದಾರಿಯುದ್ದಕ್ಕೂ ಅಪ್ಪ ಕನ್ನಡಿಯಲ್ಲಿ ನನ್ನ ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿದ್ದರು.